ಜಾಕಿ ಜಾರಿದ ದಿನ ಏನೂ ಆಗಲಿಲ್ಲವಂತೆ

ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ ಉದ್ದನೆಯ ಕಬ್ಬಿಣದ ಕೊಳವೆಯೊಂದು ನಿಂತಿದೆ. ಇವತ್ತು ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಾಗ ಆ ಮೂಲೆಯಿಂದ ಗ್ರೀಸಿನ ವಾಸನೆ ಎದ್ದು ಬಂದು ಇಂಗಿನ ಜೊತೆ ಸೇರಿಕೊಂಡಿತು. ಮನೆಗೆ ಬಂದವರು ಅದನ್ನು ನೋಡಿ, "ಕಳ್ಳರಿಗೇನಮ್ಮ?" ಎಂದು ಕೇಳುವುದುಂಟು. ಅಲ್ಲ, ನನ್ನ ತಮ್ಮನಿಗೆ ಎನ್ನುತ್ತೇನೆ. ಅವರು ನಗುತ್ತಾರೆ. ನೀವೂ ನಗಬಹುದು. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದದ್ದೇ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಸಾಸಿವೆ ಸೀದು ಹೋಯಿತು.

ಆ ಕೊಳವೆ ಕಾರು ಎತ್ತುವ ಜಾಕಿಯ ಹ್ಯಾಂಡಲ್ಲು. ಅದು ಅಡುಗೆಮನೆಗೆ ಯಾಕೆ ಬಂತು ಎಂದು ಹೇಳಬೇಕಾದರೆ ನನ್ನ ತಮ್ಮ ರಾಜನಿಂದ ಶುರುಮಾಡಬೇಕು.

ರಾಜ ಬಂಗಾರಪೇಟೆಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ. ವಾರವೆಲ್ಲ ಮೆಷಿನ್ನಿನ ಮುಂದೆ ನಿಂತು ಸಾಲದೇನೋ, ಭಾನುವಾರ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನಲ್ಲಿರುವ ನಮ್ಮ ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ಹಳೆಯ ಕಾರೊಂದನ್ನು ಬಿಚ್ಚುತ್ತಾನೆ, ಕಟ್ಟುತ್ತಾನೆ. ಮಣ್ಣಿನ ಟ್ರ್ಯಾಕಿನಲ್ಲಿ ರೇಸು ನಡೆದಾಗ ಅದನ್ನೇ ಓಡಿಸುತ್ತಾನೆ. ಇದುವರೆಗೆ ಒಂದು ಕಪ್ಪೂ ಮನೆಗೆ ಬಂದಿಲ್ಲ. ಎರಡು ಬಂಪರ್ ಹೋಗಿವೆ. ಅವನ ಜೊತೆಗಾರ ಸೆಲ್ವ, ನಮ್ಮ ಎದುರು ಸಾಲಿನ ಮನೆಯವನು. ಒಂದು ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸುತ್ತಾನೆ. ನಮ್ಮ ಕಡೆ ಅದೇನೂ ದೊಡ್ಡ ವಿಷಯವಲ್ಲ.

ಜಾಕಿ ಕೊಳ್ಳುವ ವಿಚಾರ ಈ ಇಬ್ಬರ ನಡುವೆ ತಿಂಗಳುಗಟ್ಟಲೆ ನಡೆಯಿತು. ಮನೆಗೂ ಆಗಬೇಕು, ಟ್ರ್ಯಾಕಿಗೂ ಆಗಬೇಕು. ಹೆಣ್ಣು ನೋಡಲು ಹೋದವರ ಹಾಗೆ ಮೊಬೈಲಿನಲ್ಲಿ ಒಂದೊಂದೇ ಜಾಕಿಯ ಫೋಟೊ ನೋಡುವುದು, ಬಣ್ಣ ಚೆನ್ನಾಗಿಲ್ಲ ಎನ್ನುವುದು, ತೂಕ ಜಾಸ್ತಿ ಎನ್ನುವುದು. ಕೊನೆಗೆ ಪುಟ್ಟ ಚಕ್ರಗಳ ಮೇಲೆ ಉರುಳುವ ಅಲ್ಯೂಮಿನಿಯಮ್ಮಿನದೊಂದು ಬಂತು. "ಒಂದೇ ಕೈಲಿ ಎತ್ತಬೌದು ಕಣಕ್ಕಾ!" ಎಂದು ರಾಜ ಅದನ್ನು ಎಳೆಮಗುವಿನ ಹಾಗೆ ಎತ್ತಿ ತೋರಿಸಿದ. ನಾನೂ ಮೆಚ್ಚಿದೆ. ಬಿ.ಎಸ್ಸಿ. ಓದಿದವಳಲ್ಲವೇ, ಸಣ್ಣ ಕೊಳವೆಯಲ್ಲಿ ಎಣ್ಣೆ ಒತ್ತಿದರೆ ದೊಡ್ಡ ಕೊಳವೆಯಲ್ಲಿ ಭಾರ ಏಳುತ್ತದೆ ಎಂದು ಚಿತ್ರ ಬಿಡಿಸಿ ವಿವರಿಸಿದೆ. ಏಳುವುದರ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತಿತ್ತು. ಬೀಳುವುದರ ಬಗ್ಗೆ ಯಾರೂ ಕೇಳಿರಲಿಲ್ಲ.

ಹೋದ ವರ್ಷದ ಒಂದು ಭಾನುವಾರ, ಮಧ್ಯಾಹ್ನ ಕಳೆದು ಬಿಸಿಲು ಇಳಿಯುತ್ತಿತ್ತು. ಮುಂದಿನ ಚಕ್ರವೊಂದನ್ನು ಬಿಚ್ಚಿ ರಾಜ ಕಾರಿನ ಕೆಳಗೆ ಮಲಗಿದ್ದ. ಮೊಣಕಾಲಿನಿಂದ ಈಚೆಗಷ್ಟೇ ಹೊರಗೆ ಕಾಣುತ್ತಿತ್ತು. ನಾನು ಮೂರು ಲೋಟ ಕಾಫಿ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದೆ. ಶೆಡ್ಡಿನ ನೆಲಕ್ಕೆ ಸೈನೈಡ್ ದಿಬ್ಬದ ಬಿಳಿ ಮರಳು ಹಾಕಿದ್ದರು. ಗಣಿಯ ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮರಳು ಅದು. ಜಾಕಿಯ ತೋಳು ಮೇಲೇಳುವಾಗ ಜಾಕಿಯೂ ಒಂದಿಷ್ಟು ಮುಂದಕ್ಕೆ ಉರುಳಬೇಕಂತೆ. ಮರಳಿನಲ್ಲಿ ಹೂತ ಪುಟ್ಟ ಚಕ್ರ ಎಲ್ಲಿಂದ ಉರುಳೀತು? ಜಾಕಿ ನಿಂತಲ್ಲೇ ನಿಂತಿತ್ತು, ಕಾರು ಅದರ ತಲೆಯ ಮೇಲಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುತ್ತಾ ಬಂದಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಕಾರು ಕೆಳಗೆ ಬಂತು.

ಸದ್ದು ದೊಡ್ಡದಾಗಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುವುದು. ರಾಗಿ ಮೂಟೆ ಇಳಿಸಿದ ಹಾಗೆ, ಧಪ್. ಆಮೇಲೆ ಆ ಎರಡು ಕಾಲು. ಅಲ್ಲಾಡಲಿಲ್ಲ.

ಎಷ್ಟು ಹೊತ್ತು ಎಂದು ಕೇಳಬೇಡಿ. ಕಾರಿನ ಕೆಳಗಿನಿಂದ ನಗು ಕೇಳಿಸಿತು. "ಲೇ ಸೆಲ್ವಾ, ಕಾಫಿ ಆರೋಗ್ತದೆ, ಎತ್ತಲಾ!"

ಬಿಚ್ಚಿದ ಚಕ್ರವನ್ನು ಸೆಲ್ವ ಗೋಡೆಗೆ ಒರಗಿಸಬೇಕಿತ್ತು. ಅಷ್ಟು ದೂರ ಯಾರು ಹೋಗುತ್ತಾರೆಂದು ಕಾಲಿನಿಂದ ಕಾರಿನ ಅಡಿಗೇ ತಳ್ಳಿದ್ದ. ಕಾರು ಬಂದು ಕೂತದ್ದು ಅದರ ಮೇಲೆ. ನನ್ನ ತಮ್ಮನ ಎದೆಗೂ ಕಾರಿನ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು, ಸೆಲ್ವನ ಸೋಮಾರಿತನದ ದಯದಿಂದ.

ಅವನನ್ನು ಹೊರಗೆಳೆದ ಮೇಲೆ ನಡೆದದ್ದು ಕೇಳಿ. ಅಂಗಿಗೆ ಅಂಟಿದ ಮರಳು ಕೊಡವಿಕೊಳ್ಳುತ್ತಾ ರಾಜ, "ಯಾಕಂಗ್ ನಿಂತಿದ್ದೀಯಕ್ಕಾ? ಏನೂ ಆಗ್ಲಿಲ್ವಲ್ಲ" ಎಂದ. ಸೆಲ್ವ ಬೆವರು ಒರೆಸಿಕೊಂಡು, "ಒಣ್ಣುಂ ಆಗಲೆ ಅಕ್ಕಾ, ಒಣ್ಣುಂ ಆಗಲೆ" ಎಂದು ತಮಿಳಿನಲ್ಲಿ ಎರಡು ಸಲ ಹೇಳಿದ. ಅಷ್ಟರಲ್ಲಿ ಅಮ್ಮನೂ ಓಡಿ ಬಂದಳು. ಅವಳ ತವರು ತೆಲುಗು ಮಾತಾಡುವ ಕ್ಯಾಸಂಬಳ್ಳಿ ಕಡೆ. ಗಾಬರಿಯಾದರೆ ಅವಳಿಗೆ ತೆಲುಗೇ ಬರುವುದು. ಉಪ್ಪು ಮೆಣಸಿನಕಾಯಿ ತಂದು ಮಗನಿಗೆ ದೃಷ್ಟಿ ತೆಗೆಯುತ್ತಾ, "ಏಮೀ ಕಾಲೇದು, ಏಮೀ ಕಾಲೇದು" ಎಂದಳು. ಏನೂ ಆಗಲಿಲ್ಲ ಎಂದು ಮೂರು ಭಾಷೆಯಲ್ಲಿ ನನಗೆ ಹೇಳಿದರು. ಮೂರೂ ನನಗೆ ಅರ್ಥವಾಗುತ್ತವೆ. ಮೂರರಲ್ಲೂ ಅದು ಸುಳ್ಳೇ.

ಆಗಿತ್ತು! ನನ್ನ ಕಣ್ಣಿನ ಮುಂದೆ ನನ್ನ ತಮ್ಮ ಸತ್ತಿದ್ದ. ನಗು ಕೇಳಿಸುವವರೆಗೆ ಸತ್ತೇ ಇದ್ದ. ಆ ಹೊತ್ತನ್ನು ನಾನು ಬದುಕಿದ್ದೇನೆ, ಅದಕ್ಕೆ ಯಾರು ದೃಷ್ಟಿ ತೆಗೆದು ಎಲ್ಲಿ ಸುಡಬೇಕು? ಈಗಲೂ ಯಾರಾದರೂ ಮೂಟೆ ಇಳಿಸಿದರೆ ನಾನು ತಿರುಗಿ ಕಾಲುಗಳನ್ನು ಹುಡುಕುತ್ತೇನೆ.

ಸಿಟ್ಟಿಗೆ ಇನ್ನೂ ಒಂದು ಕಾರಣವಿದೆ. ಅಪ್ಪ ಗಣಿಯೊಳಗೆ ಮರದ ಕಂಬ ಕೊಟ್ಟು ಬಂಡೆ ತಡೆಯುವ ಕೆಲಸದಲ್ಲಿದ್ದರು. ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆಯೂ ಒಂದು ಸಲ ತಲೆಯೆತ್ತಿ ಸೂರು ನೋಡುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. "ನಗ್ರಿ ನಗ್ರಿ, ಮ್ಯಾಲಿರೋದು ನಿಮ್ ಮಾವ ಅಲ್ಲ, ಮರ್ಯಾದೆ ನೋಡಕ್ಕೆ" ಎನ್ನುತ್ತಿದ್ದರು. ಅಂಥವರ ಮಗ ಒಂದು ಲೋಟ ಎಣ್ಣೆಯ ಒತ್ತಡವನ್ನು ನಂಬಿಕೊಂಡು ಕಾರಿನ ಕೆಳಗೆ ಮಲಗುತ್ತಾನೆ!

ಮಾರನೆಯ ವಾರ ಬೇರೆ ಜಾಕಿ ಕೊಳ್ಳಲು ನಾನೇ ರಾಜನನ್ನು ಎಳೆದುಕೊಂಡು ಬಂಗಾರಪೇಟೆಯ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವರು ಹಲಗೆಯ ಮೇಲೆ ಕೂರಿಸಿ ಕೇಳಿದ ಪ್ರಶ್ನೆ ಒಂದೇ: "ಎಷ್ಟು ಟನ್ನಮ್ಮ?"

"ಟನ್ ಇರಲಿ ಸ್ವಾಮಿ. ಜಾಕಿ ಎಷ್ಟು ಕೆಳಗೆ ಇಳಿಯುತ್ತೆ? ಇವನ ಕಾರು ನೆಲಕ್ಕೆ ಅಂಟಿಕೊಂಡಿದೆ. ಚಕ್ರ ಅಗಲ ಇದೆಯಾ?"

"ಇದು ಲಾರಿನೇ ಎತ್ತತದಮ್ಮ."

"ಎತ್ತಲಿ. ಎತ್ತಿದ ಮೇಲೆ ಹಿಡ್ಕೊಳ್ಳೋದು ಯಾವುದು? ಕಾರಿನಡಿಗೆ ಇಡೋ ಸ್ಟ್ಯಾಂಡು ಕೊಡಿ."

"ಸ್ಟ್ಯಾಂಡಾ? ಅದ್ಯಾರೂ ಕೇಳಲ್ಲಮ್ಮ. ಏನೂ ಆಗಲ್ಲ ಬಿಡಿ."

ಇಲ್ಲೂ ಅದೇ ಮಾತು. ನಾನು ಎದ್ದು ನಿಂತೆ. ಎದ್ದಾಗಲೇ ಅಂಗಡಿಯವರಿಗೆ ನೆನಪಾದದ್ದು, ಬಗ್ಗಿ ನೋಡಿ, "ಇದಾವಲ್ಲ!" ಎಂದರು. ನಾವು ಕೂತಿದ್ದ ಹಲಗೆಯನ್ನು ಹೊತ್ತು ನಿಂತದ್ದೇ ಆ ಸ್ಟ್ಯಾಂಡುಗಳು. ಕೊಳ್ಳುವವರಿಲ್ಲದೆ ಬೆಂಚಿನ ಕಾಲಾಗಿದ್ದವು. ರಾಜ ಬಿದ್ದು ಬಿದ್ದು ನಕ್ಕ. "ಇಷ್ಟೊತ್ತು ನೀನು ಕುಂತಿದ್ದೆಯಲ್ಲ, ಬಿತ್ತೇನಲಾ?" ಎಂದೆ.

ಹಲಗೆ ಇಳಿಸಿ ಅವನ್ನೇ ತಂದೆವು. ಮನೆಗೆ ಉದ್ದ ಮೈಯ, ಅಗಲ ಚಕ್ರದ, ಭಾರದ ಉಕ್ಕಿನ ಜಾಕಿ ತಂದೆವು. ಶೆಡ್ಡಿನ ನೆಲಕ್ಕೆ ಸಿಮೆಂಟು ಬಿತ್ತು. ಹಗುರದ ಜಾಕಿ ಟ್ರ್ಯಾಕಿಗೆ ಮಾತ್ರ, ಅದೂ ಮಣ್ಣಿನ ಮೇಲೆ ದಪ್ಪ ಹಲಗೆ ಹಾಸಿ, ಚಕ್ರ ಬದಲಾಯಿಸುವುದಕ್ಕಷ್ಟೇ. ಹೊಸ ಜಾಕಿಯ ಹ್ಯಾಂಡಲ್ಲು ಕಳಚಿ ಬರುತ್ತದೆಂದು ತಿಳಿದ ದಿನವೇ ಅದನ್ನು ಕಳಚಿ ತಂದು ಅಕ್ಕಿ ಡ್ರಮ್ಮಿನ ಹಿಂದೆ ನಿಲ್ಲಿಸಿದೆ. ಇನ್ನು ನನ್ನನ್ನು ಕೇಳದೆ ಕಾರು ಏಳುವಂತಿಲ್ಲ.

ಸೀದ ಒಗ್ಗರಣೆ ಚೆಲ್ಲುತ್ತಿದ್ದಾಗ ಇವತ್ತೂ ಶೆಡ್ಡಿನಿಂದ ಕೂಗು ಬಂತು.

"ಅಕ್ಕಾ, ಆಂಡ್ಲು!"

ಹ್ಯಾಂಡಲ್ಲು ಹಿಡಿದು ಹೋದೆ. ಹಿಂದಿನ ಚಕ್ರಗಳಿಗೆ ಸೆಲ್ವ ಕಲ್ಲು ಕೊಟ್ಟಿದ್ದ. ರಾಜ ಎತ್ತಿದ, ಎರಡು ಸ್ಟ್ಯಾಂಡು ಇಟ್ಟ, ಕಾರನ್ನು ಅವುಗಳ ಮೇಲೆ ಇಳಿಸಿದ.

"ಬಂದ್ಳಪ್ಪಾ ಇನ್‌ಸ್ಪೆಕ್ಟ್ರಮ್ಮ" ಎಂದ ಸೆಲ್ವ.

"ಏನೂ ಆಗಲ್ಲ ಕಣಕ್ಕಾ, ಒಂದ್ ನಿಮಿಷ, ಒಳಕ್ಕೋಗಿ ಬತ್ತೀನಿ" ಎಂದ ರಾಜ.

ನಾನು ಸೆರಗು ಸಿಕ್ಕಿಸಿ ಎರಡೂ ಕೈಯನ್ನು ಕಾರಿನ ಬಾಗಿಲ ಮೇಲಿಟ್ಟು, ಒಂದು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ತಳ್ಳಿದೆ. ಕಾರು ಕದಲಲಿಲ್ಲ.

"ಈಗ ಏಳು, ಏನೂ ಆಗಲ್ಲ ಅಂತ" ಎಂದೆ. ಸಿಟ್ಟು ಬಂದರೆ ನನಗೂ ಹಕಾರ ಬಿದ್ದುಹೋಗಿ 'ಹೇಳು' 'ಏಳು' ಆಗುತ್ತದೆ.

ರಾಜ ಬಂದು ನನ್ನ ಪಕ್ಕದಲ್ಲಿ ನಿಂತು, ತಾನೂ ಒಂದು ಸಲ ತಳ್ಳಿ ನೋಡಿದ. ಆಮೇಲೆ ಮಲಗಿ ಒಳಗೆ ಸರಿದ. ಎರಡು ಕಾಲು ಹೊರಗಿದ್ದವು. ಅವುಗಳನ್ನು ನೋಡುತ್ತಾ ನಿಂತೆ. ಎಡಗಾಲಿನ ಹೆಬ್ಬೆರಳು ಯಾವುದೋ ಹಾಡಿಗೆ ತಾಳ ಹಾಕುತ್ತಿತ್ತು.