ಬಾಗಿಲಿಗೆ ಅಡ್ಡ ನಿಂತ ಎವ್ಲಿನ್ ಸಿಸ್ಟರ್

ಎವ್ಲಿನ್ ಸಿಸ್ಟರ್ ಅವರ ಎಡ ಮುಂಗೈ ಸೊಟ್ಟಗಿತ್ತು. ಮುರಿದ ಮೂಳೆ ನೇರವಾಗಿ ಕೂಡಿಕೊಂಡಿರಲಿಲ್ಲ. ಹೊಸದಾಗಿ ಸೇರಿದ ನರ್ಸುಗಳು ಅದನ್ನೇ ನೋಡುತ್ತ ನಿಂತರೆ, "ಎಂತ ನೋಡುದು? ಕೈ ಸೊಟ್ಟ, ಕೆಲಸ ಸೊಟ್ಟ ಅಲ್ಲ. ಹೋಗಿ ಡ್ರೆಸ್ಸಿಂಗ್ ಮಾಡಿ" ಎಂದು ಗದರುತ್ತಿದ್ದರು. ಆ ಕೈ ಮುರಿದ ದಿನ ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಔಷಧದ ಕಪಾಟಿನ ಹಿಂದೆ ಅಡಗಿದ್ದೆ.

ತೊಂಬತ್ತರ ದಶಕದ ಕೊನೆ. ಕಾರ್ಕಳದಿಂದ ಬಂದು ಉಡುಪಿಯ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ನರ್ಸಾಗಿ ಸೇರಿದ್ದೆ. ಕಲ್ಯಾಣಪುರದ ಎವ್ಲಿನ್ ಸಿಸ್ಟರ್ ಅಲ್ಲಿಯ ಮುಖ್ಯ ನರ್ಸ್. ಎದುರಿನವರು ಕೂಗಾಡಿದಷ್ಟೂ ಅವರ ದನಿ ತಗ್ಗುತ್ತಿತ್ತು. ಕುಡಿದು ಬಂದವನು ವಾಂತಿ ಮಾಡಿದರೆ ಆಯಾಗೆ ಕಾಯದೆ ತಾವೇ ಒರೆಸುತ್ತಿದ್ದರು. ಒರೆಸುತ್ತಲೇ ಅವನನ್ನು ಬೈಯುತ್ತಿದ್ದರು.

ಒಂದು ಬೆಳಿಗ್ಗೆ ಪರ್ಕಳದ ಬಾಡಿಗೆ ಕೋಣೆಯಿಂದ ಶಿವವ್ವ ಬಂದಳು. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ತುಟಿ ಒಡೆದಿತ್ತು, ಎರಡು ಪಕ್ಕೆಲುಬು ಮುರಿದಿದ್ದವು. ಪಕ್ಕದಲ್ಲೇ ನಿಂತಿದ್ದ ಗಂಡ, "ಮೆಟ್ಟಲ ಮ್ಯಾಲಿಂದ ಬಿದ್ದಾಳ್ರೀ" ಎಂದ. ಸಿಸ್ಟರ್ ಅವನ ಎದುರಿಗೇ ಅವಳನ್ನು ಕೇಳಿದರು, "ಹೌದಾ ಮಗಾ?"

ಶಿವವ್ವ ನೆಲ ನೋಡುತ್ತ "ಬಿದ್ದೀನ್ರೀ" ಎಂದಳು. ನಾಲ್ಕನೇ ದಿನ ಮನೆಗೆ ಕಳಿಸಿದೆವು.

ತಿಂಗಳೊಳಗೆ ನೆರೆಯವರು ಅವಳನ್ನು ಆಟೋದಲ್ಲಿ ಹೊತ್ತು ತಂದರು. ಹಾರೆಯ ಏಟಿಗೆ ತಲೆಬುರುಡೆ ಬಿರಿದಿತ್ತು. ನಾನು ಒತ್ತಿ ಹಿಡಿದ ಬಟ್ಟೆ ತೊಯ್ದು ತೊಯ್ದು ಭಾರವಾಯಿತು. ಹತ್ತು ನಿಮಿಷವೂ ಬದುಕಲಿಲ್ಲ. ಸಿಸ್ಟರ್ ಅವಳ ಕೂದಲಿಗೆ ಹೆಪ್ಪುಗಟ್ಟಿದ ರಕ್ತ ತೊಳೆದು ಜಡೆ ಹೆಣೆದರು. ಆಮೇಲೆ ಸಿಂಕಿನ ಅಂಚು ಹಿಡಿದು, "ಹೊಡೆದವನ ಎದುರಿಗೇ ಕೇಳಿದೆ ನಾನು. ಅವಳು ಎಂತ ಹೇಳ್ಲಿಕ್ಕೆ ಆಗ್ತದೆ?" ಎಂದರು.

ಮರುದಿನವೇ ಬಟ್ಟೆ ಇಡುವ ಕೋಣೆ ಖಾಲಿ ಮಾಡಿಸಿದರು. ಇನ್ನು ಮೇಲೆ ಗಾಯಗೊಂಡು ಬಂದ ಹೆಂಗಸನ್ನು ಅಲ್ಲಿ ಒಬ್ಬಳನ್ನೇ ಕೂರಿಸಿ ಮಾತಾಡಿಸಬೇಕು. ಗಂಡನಾಗಲಿ ಅತ್ತೆಯಾಗಲಿ ಒಳಗೆ ಬರಕೂಡದು.

ದೊಡ್ಡ ಡಾಕ್ಟರು, "ಇದು ಆಸ್ಪತ್ರೆ, ಪೊಲೀಸ್ ಠಾಣೆ ಅಲ್ಲ ಸಿಸ್ಟರ್" ಎಂದರು.

"ಹೌದು ಡಾಕ್ಟ್ರೇ. ಹೆಣ ಇಡುವ ಜಾಗವೂ ಅಲ್ಲ, ಅಲ್ವಾ?"

ಆ ಕೋಣೆಗೆ ಬಂದ ಎರಡನೆಯವಳೋ ಮೂರನೆಯವಳೋ, ಕಾಪುವಿನಲ್ಲಿ ಮೀನು ಮಾರುವ ಸುಗಂಧಿ. ಕುತ್ತಿಗೆಯ ಸುತ್ತ ಗಂಡನ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಬಾಗಿಲು ಮುಚ್ಚಿದ ಮೇಲೆ ಎಲ್ಲವನ್ನೂ ಹೇಳಿದಳು. ಮಧ್ಯಾಹ್ನ ಅವಳ ಗಂಡ ಕಬ್ಬಿಣದ ಸರಳು ಹಿಡಿದು ನುಗ್ಗಿದ. ಕಿಟಕಿ, ಸಲೈನ್ ಬಾಟಲಿ, ಮೇಜಿನ ಗಾಜು, ಎಲ್ಲ ಪುಡಿ. ನಾನು ಓಡಿ ಕಪಾಟಿನ ಹಿಂದೆ ಸೇರಿದೆ. ಸಿಸ್ಟರ್, ಸುಗಂಧಿ ಇದ್ದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಅವಳು ನನ್ನ ಹೆಂಡತಿ. ಕೇಳ್ಲಿಕ್ಕೆ ನೀವು ಯಾರು?"

"ಈಗ ಅವಳು ನನ್ನ ಪೇಶೆಂಟ್. ಅದನ್ನು ಕೆಳಗೆ ಇಡಿ."

ಅವನು ಬೀಸಿದ. ಸಿಸ್ಟರ್ ಎಡಗೈ ಅಡ್ಡ ಹಿಡಿದರು. ಒಣಸೌದೆ ಮುರಿದಂಥ ಸದ್ದು. ಎರಡನೇ ಏಟು ಭುಜಕ್ಕೆ ಬಿತ್ತು. ಮಂಡಿಯೂರಿದರೂ ಬಾಗಿಲು ಬಿಡಲಿಲ್ಲ. ಅವನು ಮತ್ತೆ ಕೈ ಎತ್ತಿದಾಗ ನನಗೇನಾಯಿತೋ, ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ಎತ್ತಿಕೊಂಡು ಅವನ ಮೊಣಕೈಗೆ ಬೀಸಿ ಹೊಡೆದೆ. ಸರಳು ಬಿತ್ತು. ಓಡಿ ಬಂದ ವಾಚ್‌ಮನ್‌ಗಳು ಅವನನ್ನು ಕೆಡವಿ ಹಿಡಿದರು. ನಾನು ಸ್ಪ್ಯಾನರನ್ನು ಇನ್ನೊಮ್ಮೆ ಎತ್ತಿದ್ದೆ.

"ಸಾಕು" ಎಂದರು ಸಿಸ್ಟರ್, ನೆಲದಲ್ಲಿ ಕೂತಲ್ಲಿಂದಲೇ. "ಈಗ ಅವನ ಮೊಣಕೈ ನೋಡು. ಮೂಳೆ ಮುರಿದಿದೆಯಾ ಅಂತ."

ನನ್ನಿಂದ ಆಗಲಿಲ್ಲ. ಬೆವರಿಳಿಸುತ್ತ, ತಮ್ಮ ಒಂದೇ ಕೈಯಿಂದ ಅವರೇ ಅವನಿಗೆ ಪಟ್ಟಿ ಸುತ್ತಿದರು.

ಸಂಜೆ ಅವರ ಮಂಚದ ಬಳಿ ಹೋಗಿ, "ಮೊದಲು ನಾನು ಅಡಗಿದ್ದೆ ಸಿಸ್ಟರ್" ಎಂದು ಅತ್ತೆ.

"ಗೊತ್ತುಂಟು. ಅಲ್ಲಿ ಇನ್ನೊಬ್ಬರಿಗೆ ಜಾಗ ಇದ್ದಿದ್ರೆ ನಾನೂ ಬರ್ತಿದ್ದೆ ಮಾರಾಯ್ತಿ."

ದೂರು ಕೊಟ್ಟರೆ ಆಸ್ಪತ್ರೆಯ ಹೆಸರು ಕೆಡುತ್ತದೆ ಎಂದು ಮೇಲಿನವರು ತಡೆದರು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಅವರು ಸುಗಂಧಿಯನ್ನು ಕರೆದುಕೊಂಡು ಠಾಣೆಗೆ ಹೋದರು. ಅವನಿಗೆ ಜೈಲಾಯಿತು. ಕೆಲವು ವರ್ಷಗಳ ನಂತರ ಸಿಸ್ಟರ್ ಆಸ್ಪತ್ರೆಯ ಆಡಳಿತಾಧಿಕಾರಿಯಾದರು. ಡಾಕ್ಟರುಗಳೇ ಕೂರುತ್ತಿದ್ದ ಆ ಕುರ್ಚಿಯಲ್ಲಿ ನರ್ಸೊಬ್ಬರು ಕೂತದ್ದು ಅದೇ ಮೊದಲು. ಕಾರ್ಕಳದ ಶಾಖೆಯಲ್ಲೂ ಅಂಥದೇ ಕೋಣೆ ಮಾಡಿಸಿದರು. ನರ್ಸಿನ ಮೇಲೆ ಯಾರು ಕೈ ಎತ್ತಿದರೂ ಆಸ್ಪತ್ರೆಯೇ ದೂರು ಕೊಡಬೇಕೆಂದು ನಿಯಮ ತಂದರು. ಆ ಕುರ್ಚಿಗೆ ಬಂದ ಮೂರನೇ ವರ್ಷ, ಒಂದು ಭಾನುವಾರ, ಎದೆನೋವು ಬಂದು ಹೋಗಿಬಿಟ್ಟರು.

ಕಲ್ಯಾಣಪುರದ ಇಗರ್ಜಿಯಲ್ಲಿ ಅವರ ಅಂತ್ಯಕ್ರಿಯೆಯ ಪ್ರಾರ್ಥನೆಗೆ ಸುಗಂಧಿಯೂ ಬಂದಿದ್ದಳು. ನನ್ನ ಕೈ ಹಿಡಿದುಕೊಂಡು ಹೇಳಿದಳು, "ಅವ ಜೈಲಿನಿಂದ ಬಿಟ್ಟು ಬಂದಿದ್ದಾನೆ. ಮೊನ್ನೆ ಮಾರ್ಕೆಟಿನಲ್ಲಿ ನನ್ನೆದುರು ಬಂದು ನಿಂತ."

"ಮತ್ತೆ?"

"ಅಂಜಲ್ ಮೀನು ಕೊಯ್ತಾ ಇದ್ದೆ. ಎಂತ ಬೇಕು ಕೇಳಿದೆ. ಕೊಯ್ಯುದು ನಿಲ್ಲಿಸ್ಲಿಲ್ಲ ಸಿಸ್ಟರ್. ಅವನೇ ತಿರುಗಿ ಹೋದ. ಎವ್ಲಿನ್ ಸಿಸ್ಟರಿಗೆ ಹೇಳ್ಬೇಕು ಅಂತ ಇವತ್ತು ಹೊರಟಿದ್ದೆ. ಬಸ್ಸಿನಲ್ಲಿ ಯಾರೋ ಹೇಳಿದ್ರು, ಹೋದ್ರಂತೆ ಅಂತ."

ಶವಪೆಟ್ಟಿಗೆ ಮುಚ್ಚುವ ಮೊದಲು ಅವಳು ಜನರನ್ನು ಸರಿಸಿಕೊಂಡು ಮುಂದೆ ಹೋದಳು. ಬಾಗಿ, ಸಿಸ್ಟರ್ ಕಿವಿಯ ಬಳಿ, ಮೊನ್ನೆ ನಡೆದದ್ದನ್ನೆಲ್ಲ ತುಳುವಿನಲ್ಲಿ ಮೊದಲಿನಿಂದ ಹೇಳತೊಡಗಿದಳು.