ಗೌರಿಗಾಗಿ ಮೂರು ಊರು

ಶಿವರಾತ್ರಿ ಮುಗಿದು ಎರಡು ದಿನವಾಗಿತ್ತು. ಬೆಳಿಗ್ಗೆ ಏಳಕ್ಕೆ ಕೊಪ್ಪಳದಿಂದ ಕುಷ್ಟಗಿ ಬಸ್ಸು ಹೊರಟಿತು. ಶಾಂತವ್ವ ಕಿಟಕಿಯ ಪಕ್ಕ ಕೂತಿದ್ದಳು. ಅವಳಿಗೆ ಆಗ ಐದು ತಿಂಗಳು. ನನ್ನ ಚೀಲದಲ್ಲಿ ಮದರಾಸಿನ ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಕಾಗದವಿತ್ತು. ಅದನ್ನು ಓದಿ ಹೇಳುವವರೊಬ್ಬರು ಬೇಕೆಂದೇ ಅವಳು ನನ್ನನ್ನು ಕರೆದಿದ್ದಳು. ನಾನು ಬೇವೂರಿನ ಶಾಲೆಯಲ್ಲಿ ಎರಡನೇ ತರಗತಿಗೆ ಕಲಿಸುತ್ತಿದ್ದೆ. ಅವಳ ಮಗಳು ಗೌರಿ ನನ್ನ ತರಗತಿಯ ಹುಡುಗಿ.

ದೀಪಾವಳಿ ರಜೆ ಕಳೆದು ಬಂದಾಗ ಗೌರಿಯ ಮುಖ ಊದಿಕೊಂಡಿತ್ತು. ‘ಗೌರಿ ದಪ್ಪ ಆಗ್ಯಾಳ್ರೀ ಅಕ್ಕೋರ’ ಎಂದು ಮಕ್ಕಳು ನಕ್ಕರು. ನಾನೂ ನಕ್ಕೆ. ಇಷ್ಟು ವರ್ಷಗಳ ಮೇಲೂ ಆ ನಗು ನನ್ನನ್ನು ಬಿಟ್ಟಿಲ್ಲ. ಆಮೇಲೆ ಕೊಪ್ಪಳ, ಹುಬ್ಬಳ್ಳಿ, ಕೊನೆಗೆ ಮದರಾಸು. ಎರಡೂ ಮೂತ್ರಪಿಂಡ ಕೆಟ್ಟಿವೆ, ರಕ್ತಸಂಬಂಧಿಕರು ಯಾರಾದರೂ ತಮ್ಮದೊಂದನ್ನು ಕೊಟ್ಟರೆ ಕೂಡಿಸಿ ನೋಡಬಹುದು ಎಂದರು ಅಲ್ಲಿಯವರು. ತಂದೆ ದೇವಪ್ಪನ ರಕ್ತ ಹೊಂದಲಿಲ್ಲ. ತಾಯಿಯದು ಹೊಂದಿತು, ಆದರೆ ಬಸುರಿಯದು ತೆಗೆಯಲಾಗದು. ‘ಬೇರೆ ಯಾರನ್ನಾದರೂ ತಿಂಗಳೊಳಗೆ ಕರೆತನ್ನಿ’ ಎಂದು ಕಳಿಸಿದ್ದರು. ಗೌರಿಯನ್ನು ಕೊಪ್ಪಳದ ಆಸ್ಪತ್ರೆಯಲ್ಲಿ ದೇವಪ್ಪನ ಬಳಿ ಬಿಟ್ಟು ನಾವಿಬ್ಬರು ಹೊರಟಿದ್ದೆವು.

ಕುಷ್ಟಗಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನೋಣವೆಂದರೆ ಶಾಂತವ್ವ ಬೇಡವೆಂದಳು. ಹನುಮಸಾಗರ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿ ಅವಳ ಅಣ್ಣ ಬಸಪ್ಪನ ಮನೆ. ಬಸಪ್ಪ ತಂಗಿಯನ್ನು ಕಂಡು ಹಿಗ್ಗಿದ. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಊಟವಾದ ಮೇಲೆ ನಾನು ಕಾಗದ ತೆಗೆದು, ಅದರಲ್ಲಿದ್ದುದನ್ನೆಲ್ಲ ಬಿಡಿಸಿ ಹೇಳಿದೆ. ಒಂದನ್ನು ಕೊಟ್ಟರೂ ಇನ್ನೊಂದರ ಮೇಲೆ ಮನುಷ್ಯ ಬದುಕುತ್ತಾನೆ ಎಂದೆ.

ಮಾತಾಡಿದ್ದು ಬಸಪ್ಪನ ಹೆಂಡತಿ. ‘ನಮಗೂ ಮೂರು ಮಕ್ಕಳದಾವ್ರೀ ಅಕ್ಕೋರ. ಇವ್ರಿಗೇನಾರ ಹೆಚ್ಚುಕಡಿಮಿ ಆದ್ರ ದುಡಿಯವ್ರು ಯಾರು?’ ಎಂದಳು. ಆಮೇಲೆ ಶಾಂತವ್ವನ ಕಡೆ ತಿರುಗಿ, ಕೆಟ್ಟ ಮನಸ್ಸಿನಿಂದಲ್ಲ, ಸಮಾಧಾನವೆಂದುಕೊಂಡೇ, ‘ನಿನ್ನ ಹೊಟ್ಟ್ಯಾಗ ಇನ್ನೊಂದು ಐತೆಲ್ಲವ್ವಾ’ ಎಂದಳು.

ಶಾಂತವ್ವ ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋದಾಗ ಬಚ್ಚಲಕಲ್ಲಿನ ಮೇಲೆ ಕೂತು ಎರಡೂ ಕೈಗಳಿಂದ ಹೊಟ್ಟೆಯನ್ನು ಒತ್ತಿ ಹಿಡಿದಿದ್ದಳು. ‘ಇದು ಇರದಿದ್ರ ನಾನ ಕೊಡ್ತಿದ್ದೆ. ಇದಕ್ಕ ಏನಂತ ಬೈಲ್ರೀ ಅಕ್ಕೋರ? ಇನ್ನೂ ಹುಟ್ಟಿಲ್ಲ’ ಎಂದಳು.

ಮರುದಿನ ಬಸಪ್ಪ ನಮ್ಮನ್ನು ಬಸ್ಸಿನವರೆಗೆ ಕಳಿಸಲು ಬಂದ. ಬಸ್ಸು ಬಂದಾಗ, ‘ಅಕಿ ಬ್ಯಾಡ ಅಂದಿದ್ದಕ್ಕಲ್ಲ ತಂಗಿ. ನನಗ ಅಂಜಿಕಿ ಐತಿ. ಕೊಯ್ತಾರ ಅಂದ್ರ ಕೈಕಾಲು ನಡಗ್ತಾವ’ ಎಂದ. ಅವನನ್ನು ಬೈಯಬೇಕೆಂದು ರಾತ್ರಿಯೆಲ್ಲ ನೆನೆದಿದ್ದ ನಾನು ಬೈಯದೆ ಬಸ್ಸು ಹತ್ತಿದೆ. ನನ್ನನ್ನೇ ಯಾರಾದರೂ ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ.

ಅಲ್ಲಿಂದ ಮತ್ತೆ ಕುಷ್ಟಗಿ, ತಾವರಗೇರಾ, ಕನಕಗಿರಿ ದಾಟಿ ಗಂಗಾವತಿ. ದಾರಿಯುದ್ದಕ್ಕೂ ಕೊಯ್ದು ಬೋಳಾದ ಜೋಳದ ಹೊಲಗಳು. ಗಂಗಾವತಿ ಹತ್ತಿರವಾದಂತೆ ಕಾಲುವೆಯ ನೀರು, ಹಸಿರು ಭತ್ತದ ಗದ್ದೆಗಳು. ದೇವಪ್ಪನ ತಮ್ಮ ಹನುಮಂತ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಮೈಮೇಲೆ ತೌಡಿನ ಧೂಳು ಹೊತ್ತು ಹೊರಗೆ ಬಂದವನು ನನ್ನ ಮಾತು ಪೂರ್ತಿ ಕೇಳಲಿಲ್ಲ. ‘ಅಣ್ಣನ ಮಗಳಂದ್ರ ನನ್ನ ಮಗಳ. ಎಲ್ಲಿ ಬರಬೇಕು ಹೇಳ್ರಿ’ ಎಂದ. ಶಾಂತವ್ವ ಎರಡು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಸಂಜೆಗೆ ಪೇಟೆಯ ರಕ್ತಪರೀಕ್ಷೆಯ ಅಂಗಡಿಗೆ ಹೋದೆವು. ಆಂಧ್ರ ಕ್ಯಾಂಪಿನ ಕಡೆಯ ಹುಡುಗಿಯೊಬ್ಬಳು ಅವನ ಬೆರಳು ಚುಚ್ಚಿ, ಗಾಜಿನ ಮೇಲೆ ಹನಿ ಹಾಕಿ ನೋಡಿದಳು. ನಾನು ತೋರಿಸಿದ ಕಾಗದವನ್ನು ಮತ್ತೊಮ್ಮೆ ಓದಿದಳು. ‘ಪಾಪುದು ಓ ಗ್ರೂಪಮ್ಮ, ಇವರದು ಬಿ. ಕೂಡಲ್ಲ’ ಎಂದಳು. ದೇವಪ್ಪನದೂ ಅದೇ ಆಗಿತ್ತು. ಹನುಮಂತ ಬಾಗಿಲಾಚೆ ನಿಂತು ಬೀಡಿ ಹಚ್ಚಿದ. ಅವನ ಮುಖದಲ್ಲಿ ದುಃಖವೂ ಇತ್ತು, ಉಳಿದೆನೆಂಬ ಹಗುರವೂ ಇತ್ತು. ಅದು ನನಗೆ ಕಂಡಿತೆಂದು ಅವನಿಗೆ ಗೊತ್ತಾಗಿ ಮುಖ ತಿರುಗಿಸಿದ.

ಮೂರನೆಯ ದಿನ ಉಳಿದದ್ದು ಒಂದೇ ಊರು. ಮಂಗಳೂರು, ಕಡಲ ದಂಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯದು. ಅಲ್ಲಿದ್ದವಳು ದೇವಪ್ಪನ ಅಕ್ಕ ದ್ಯಾಮವ್ವ, ಗಂಡ ತೀರಿಹೋದ ಹೆಂಗಸು. ತನ್ನ ಮಗಳನ್ನೇ ತಮ್ಮನಿಗೆ ಕೊಡಬೇಕೆಂದು ಅವಳು ಆಸೆಪಟ್ಟಿದ್ದಳು. ದೇವಪ್ಪ ಒಲ್ಲೆನೆಂದು ಶಾಂತವ್ವನನ್ನು ಮಾಡಿಕೊಂಡ. ಅಂದಿನಿಂದ ಎರಡು ಮನೆಗೂ ಮಾತಿಲ್ಲ, ಹೋಗಿಬರುವುದಿಲ್ಲ.

ಕೊಪ್ಪಳದಲ್ಲಿ ಇಳಿದು ಗೌರಿಯನ್ನು ನೋಡಿಕೊಂಡು ಹೋದೆವು. ಕೂಸು ಕಣ್ಣು ತೆರೆದು ‘ಅಕ್ಕೋರ, ನೀರು’ ಎಂದಿತು. ನೀರು ಅಳತೆಯ ಮೇಲೆ ಕೊಡಬೇಕಿತ್ತು. ದೇವಪ್ಪ ಬಟ್ಟೆ ತೋಯಿಸಿ ತುಟಿಗೆ ಒತ್ತಿದ. ಯಲಬುರ್ಗಾ ತನಕ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಬಸುರಿ ಎಂದು ನಾನು ಎರಡು ಸಲ ಹೇಳಿದ ಮೇಲೆ ಒಬ್ಬರು ಎದ್ದು ಕೊಟ್ಟರು. ಅಲ್ಲಿಂದ ಇನ್ನೊಂದು ಬಸ್ಸು.

ದ್ಯಾಮವ್ವ ಅಂಗಳದಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ಶಾಂತವ್ವನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಶಾಂತವ್ವ ಕಟ್ಟೆ ಹತ್ತದೆ ಬಿಸಿಲಲ್ಲೇ ನಿಂತಳು. ನಾನು ಮೂರನೆಯ ಸಲ ಆ ಕಾಗದ ಓದಿ ಹೇಳಿದೆ. ಮುಗಿದ ಮೇಲೆ ದ್ಯಾಮವ್ವ ಶೇಂಗಾದ ಮೊರ ಪಕ್ಕಕ್ಕಿಟ್ಟಳು.

‘ಯಾವ ಕಡೀದು ತಗೀತಾರ್ರೀ, ಎಡಕಿಂದೋ ಬಲಕಿಂದೋ?’

ನನಗೆ ಗೊತ್ತಿಲ್ಲವೆಂದೆ.

‘ಬಲಕಿಂದು ತಗೀರಿ ಅಂತ ಹೇಳ್ರಿ. ನಾ ಕೊಡ ಹೊರೂದು ಎಡಗಡೆ ಟೊಂಕದ ಮ್ಯಾಲ.’

ಶಾಂತವ್ವ ಅವಳ ಕಾಲಿಗೆ ಬಾಗಲು ಹೋದಳು. ದ್ಯಾಮವ್ವ ರಟ್ಟೆ ಹಿಡಿದು ನಿಲ್ಲಿಸಿದಳು. ‘ಹೊಟ್ಟಿಲಿದ್ದಾಕಿ ಬಗ್ಗಬ್ಯಾಡ. ನಿನ್ನ ಮ್ಯಾಗಿನ ಸಿಟ್ಟು ಹೋಗಿಲ್ಲ, ಹೋಗಂಗೂ ಇಲ್ಲ. ಆದ್ರ ಅದನ್ನ ಕೂಸಿನ ಮ್ಯಾಗ ತೀರಸಾಕ ಬರೂದಿಲ್ಲ’ ಎಂದಳು. ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡು, ಮನೆಗೆ ಬೀಗ ಹಾಕಿ, ನಮ್ಮೊಂದಿಗೇ ಹೊರಟಳು.

ಕೊಪ್ಪಳದಲ್ಲಿ ನೋಡಿಸಿದಾಗ ಅವಳ ರಕ್ತವೂ ಓ. ಉಳಿದ ಪರೀಕ್ಷೆ ಮದರಾಸಿನಲ್ಲಾಗಬೇಕಿತ್ತು. ಮರುದಿನ ಗುಂತಕಲ್ಲಿನ ಗಾಡಿಗೆ ನಾಲ್ವರನ್ನೂ ಹತ್ತಿಸಿದೆ. ಗೌರಿ ಅತ್ತೆಯ ತೊಡೆಯ ಮೇಲಿದ್ದಳು. ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿಯೇ ಇರಲಿಲ್ಲ.

ಇಪ್ಪತ್ತು ದಿನಗಳ ಮೇಲೆ ತಂತಿ ಬಂತು. ನಾನು ಶಾಲೆಗೆ ರಜೆ ಹಾಕಿ ಕೊಪ್ಪಳ ಸ್ಟೇಷನ್ನಿಗೆ ಹೋದೆ. ಗಾಡಿಯಿಂದ ಮೂವರು ಇಳಿದರು. ಎಲ್ಲ ಪರೀಕ್ಷೆಯೂ ಹೊಂದಿತ್ತಂತೆ, ಶಸ್ತ್ರಕ್ರಿಯೆಗೆ ದಿನವೂ ಗೊತ್ತಾಗಿತ್ತಂತೆ. ಅದಕ್ಕೆ ಮೂರು ದಿನ ಮೊದಲು ಗೌರಿಗೆ ಜ್ವರ ಏರಿತು, ಇಳಿಯಲಿಲ್ಲ. ಮಣ್ಣು ಕೊಟ್ಟದ್ದೂ ಅಲ್ಲಿಯೇ. ಇದಿಷ್ಟನ್ನು ದೇವಪ್ಪ ನಿಂತಲ್ಲೇ ಹೇಳಿದ.

ದ್ಯಾಮವ್ವ ಹೊರಗಿನ ಬೇವಿನ ಮರದ ಕೆಳಗೆ ಕೂತಿದ್ದಳು. ನಾನು ಹತ್ತಿರ ಹೋದೆ. ಅವಳು ತಲೆಯೆತ್ತದೆ, ಕಳವು ಒಪ್ಪಿಕೊಳ್ಳುವವಳ ದನಿಯಲ್ಲಿ, ‘ಹೋದಾಗ ಹೆಂಗಿದ್ನೋ ಹಂಗ ಬಂದೀನ್ರೀ ಅಕ್ಕೋರ. ಮೈಮ್ಯಾಗ ಒಂದು ಗೀರೂ ಇಲ್ಲ’ ಎಂದಳು.

ಯಲಬುರ್ಗಾ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ.