ತೊಟ್ಟು ಬಿಡಿಸುವವರ ಎಂಬತ್ತು ಫಾರ್ಮುಗಳು

ಎಂಬತ್ತು ಫಾರ್ಮುಗಳಲ್ಲೂ ಒಂದೇ ಉತ್ತರವಿದೆ ಎಂದು ನನಗೆ ಗೊತ್ತಾದದ್ದು ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ. 'ಕೆಲಸದಿಂದ ತೊಂದರೆ ಇದೆಯೆ?' ಎಂಬ ಪ್ರಶ್ನೆಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಎಂಬತ್ತು ಹೆಂಗಸರೂ 'ಏನೂ ಇಲ್ಲ' ಎಂದಿದ್ದರು.

ಎರಡು ಸಾವಿರದ ನಾಲ್ಕೈದರ ಸುಮಾರಿನ ಮಾತು. ಪಿಎಚ್.ಡಿ.ಗೆ ಹೆಸರು ಹಚ್ಚಿ ಎರಡು ವರ್ಷವಾಗಿತ್ತು. ಜನರ ಜೊತೆ ಕೂತು ಅವರ ಮಾತನ್ನೇ ಬರೆದುಕೊಳ್ಳುವ ಗುಣಾತ್ಮಕ ವಿಧಾನವೋ, ಫಾರ್ಮು ತುಂಬಿಸಿ ಅಂಕಿ ತೆಗೆಯುವ ಪರಿಮಾಣಾತ್ಮಕ ವಿಧಾನವೋ ಎಂದು ಮಾರ್ಗದರ್ಶಕರು ಕೇಳಿದಾಗ ಅಂಕಿಯನ್ನೇ ಆರಿಸಿದ್ದೆ. ಇಷ್ಟಪಟ್ಟಲ್ಲ, ಹೆದರಿ. ಅಂಕಿ ಕಂಡರೆ ಪಿಎಚ್.ಡಿ. ಸಮಿತಿಯವರು ಸುಮ್ಮನಾಗುತ್ತಾರೆ ಎಂದು ಯಾರೋ ಹೇಳಿದ್ದರು. ಈಗ ಅದೇ ಅಂಕಿ ನನ್ನ ಕುತ್ತಿಗೆಗೆ ಬಂದಿತ್ತು. ಎಲ್ಲವನ್ನೂ ಮನೆಯಲ್ಲೇ ಕೂತು ತಾನೇ ತುಂಬಿದ್ದಾಳೆ ಎಂದು ಸಮಿತಿಯವರು ಅಂದರೆ ಏನು ಹೇಳಲಿ? ಹಿಂದಿನ ವರ್ಷ ಒಬ್ಬರ ನೋಂದಣಿ ಹೀಗೆಯೇ ರದ್ದಾಗಿತ್ತು. ಕುಂಬಳಕಾಯಿ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ನನ್ನದು. ಸಮಿತಿಯ ಮುಂದೆ ಕೆಲಸ ಒಪ್ಪಿಸುವ ಸೆಮಿನಾರಿಗೆ ಒಂಬತ್ತು ದಿನ ಉಳಿದಿತ್ತು.

ಮರುದಿನ ಬ್ಯಾಡಗಿ ಬಸ್ಸು ಹತ್ತಿದೆ. ಗೋದಾಮಿನಲ್ಲಿ ಹೆಂಗಸರು ಸಾಲಾಗಿ ಕೂತು ಕೆಮ್ಮುತ್ತ ತೊಟ್ಟು ಬಿಡಿಸುತ್ತಿದ್ದರು. ನನಗೆ ಮೊದಲು ಉತ್ತರ ಕೊಟ್ಟಿದ್ದ ಹಿರಿಯಳ ಪಕ್ಕದಲ್ಲಿ ಕೂತು, ಬ್ಯಾಗು ಬದಿಗಿಟ್ಟು, ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ. ಎಲ್ಲರೂ ಒಂದೇ ಮಾತು ಹೇಳಿದ್ದೇಕೆ ಎಂದು ಮೆಲ್ಲಗೆ ಕೇಳಿದೆ. ಕೆಲಸದ ಉಸ್ತುವಾರಿಯ ಮುಕಾದಮ ಚಹಾಕ್ಕೆ ಹೋಗಿದ್ದಾನೆಯೇ ಎಂದು ಆಕೆ ಬಾಗಿಲತ್ತ ನೋಡಿ ಖಾತ್ರಿ ಮಾಡಿಕೊಂಡಳು.

"ಹಾಳಿ ಮ್ಯಾಲೆ ನಮ್ಮ ಹೆಸರು ಬರಕೊಂಡೀರಲ್ರಿ ಅಕ್ಕೋರ. ನಾಳೆ ಅದು ಯಾರ ಕೈಗರೆ ಸಿಕ್ರ? ಅದಕ್ಕ ಎಲ್ಲಾರೂ ಒಂದ ಹೇಳೂಣು ಅಂತ ಮಾತಾಡಕೊಂಡ್ವಿ."

ಫಾರ್ಮಿನ ಮೊದಲ ಸಾಲು ಹೆಸರಿನದು. ಸಮಿತಿ ನನ್ನನ್ನು ನಂಬಲಿ ಎಂದು ನಾನೇ ಸೇರಿಸಿದ್ದೆ. ನನ್ನ ಹೆದರಿಕೆಯನ್ನು ಎಂಬತ್ತು ಮಂದಿಗೆ ಹಂಚಿ ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ಕೈಯಲ್ಲಿದ್ದ ಕಾಯಿಗಳ ತೊಟ್ಟು ಬಿಡಿಸುತ್ತ ಹೋದೆ. ಆಕೆಯೇ ಮಾತು ಮುಂದುವರಿಸಿದಳು.

"ತ್ರಾಸ ಅಂದ್ರ ಏನ ಹೇಳ್ಲಿರಿ? ನನ್ನ ಮಗಳು ಕೂಸಿದ್ದಾಗ ಒಂದಿನಾನೂ ಆಕಿ ಕಣ್ಣಿಗೆ ನಾ ಕಾಡಿಗಿ ಹಚ್ಚಲಿಲ್ಲ. ಎಷ್ಟ ತೊಳದ್ರೂ ಈ ಕೈ ಉರಿ ಬಿಡೂದಿಲ್ಲ. ನಮ್ಮತ್ತೀನ ಹಚ್ಚತಿದ್ರು."

ಇದನ್ನು ಬರೆಯಲು ನನ್ನ ಫಾರ್ಮಿನಲ್ಲಿ ಜಾಗವಿರಲಿಲ್ಲ.

ಮನೆಗೆ ಬಂದವಳೇ ಎಂಬತ್ತೂ ಫಾರ್ಮುಗಳ ಹೆಸರಿನ ಸಾಲನ್ನು ಕತ್ತರಿಸಿ ಬಚ್ಚಲ ಒಲೆಗೆ ಹಾಕಿದೆ. ಹೆಸರಿಲ್ಲದ ಮೇಲೆ ಅವು ಖರೇ ಫಾರ್ಮುಗಳೆಂದು ನಾನೇ ಬಯಸಿದರೂ ತೋರಿಸಲಾಗುತ್ತಿರಲಿಲ್ಲ.

ಸೆಮಿನಾರಿನಲ್ಲಿ ವಿಧಾನ ಬದಲಿಸುತ್ತೇನೆ ಎಂದೆ, ಬರೆದು ತಂದಿದ್ದ ಕಾಡಿಗೆಯ ಮಾತನ್ನು ಓದಿದೆ. ಎಷ್ಟು ಜನರನ್ನು ಮಾತಾಡಿಸಿದ್ದೀರಿ ಎಂದು ಸಮಿತಿಯ ಹಿರಿಯರು ಕೇಳಿದರು. ಸದ್ಯಕ್ಕೆ ಒಬ್ಬರನ್ನು ಎಂದೆ. ಯಾರೋ ನಕ್ಕರು. ನನ್ನ ನೋಂದಣಿಯ ಕಡತ ಆ ಹಿರಿಯರ ಮುಂದೆಯೇ ತೆರೆದಿತ್ತು.

"ಆ ಹೆಣ್ಣುಮಗಳ ಹೆಸರೇನು?" ಎಂದರು.

ಮೇಜು ಹಿಡಿದುಕೊಂಡೆ, ಹೆಸರು ಹೇಳಲಿಲ್ಲ.